ಬೌದ್ಧಿಕ ವಿಕಲತೆ ಇರುವ ಮಗನ ಕಾಲೇಜು ಖರ್ಚಿಗೆ ದುಡ್ಡು ಎಲ್ಲಿಂದ?

ಪ್ರಶ್ನೆ: ನಮ್ಮದು ಕೊಪ್ಪಳ ತಾಲ್ಲೂಕಿನ ಹಳ್ಳಿ. ಮಗನಿಗೆ ಬೌದ್ಧಿಕ ವಿಕಲತೆ ಇದೆ. ಸರ್ಟಿಫಿಕೇಟಿನಲ್ಲಿ ಶೇ 50 ಅಂತ ಬರೆದಿದ್ದಾರೆ. ಪಿಯುಸಿ ಆರ್ಟ್ಸ್ ಪಾಸಾಗಿದ್ದಾನೆ, ಈಗ ಬಿ.ಎ. ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ. ಯಜಮಾನರದು ದಿನಗೂಲಿ. ಕಾಲೇಜು ಖರ್ಚಿಗೆ ಸರ್ಕಾರದಿಂದ ಏನಾದರೂ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ, ಅಮ್ಮಾ. ಕೊಪ್ಪಳ ಅಷ್ಟೇ ಅಲ್ಲ, ಸಿಂಧನೂರು, ಸಿರುಗುಪ್ಪ ಕಡೆಯ ಮನೆಗಳಲ್ಲೂ ಇದೇ ಪ್ರಶ್ನೆ ಇದೆ. ಆದರೆ ಎಷ್ಟು ಸಿಗುತ್ತದೆ ಅಂತ ನೋಡುವ ಮೊದಲು ದುಡ್ಡು ಎಲ್ಲಿ ಖರ್ಚಾಗುತ್ತದೆ ಅಂತ ನೋಡೋಣ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಫೀಸು ಅಂಥ ದೊಡ್ಡ ಹೊರೆಯಲ್ಲ. ಹೊರೆ ಇರುವುದು ದಿನಾ ಹೋಗಿಬರುವುದರಲ್ಲಿ. ಮನೆಪಾಠದಲ್ಲಿ. ಎಲ್ಲಕ್ಕಿಂತ ಜಾಸ್ತಿ, ಜೊತೆಗೆ ಹೋಗುವವರ ಕೂಲಿಯಲ್ಲಿ. ಮಗನನ್ನು ಕಾಲೇಜಿಗೆ ಬಿಟ್ಟು, ಕ್ಲಾಸು ಮುಗಿಯುವವರೆಗೆ ಹೊರಗೆ ಕೂತು, ಕರಕೊಂಡು ಬರುವ ತಾಯಿಯ ಆ ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ. ಅದನ್ನು ಯಾವ ಸ್ಕಾಲರ್‌ಶಿಪ್ಪೂ ಪೂರ್ತಿ ತುಂಬಿಕೊಡುವುದಿಲ್ಲ. ಹಾಗಾಗಿ ಫೀಸನ್ನು ಸ್ಕಾಲರ್‌ಶಿಪ್ಪಿಗೆ ಬಿಟ್ಟು, ನಿಮ್ಮ ತಲೆಯನ್ನು ಓಡಾಟದ ಖರ್ಚು ಇಳಿಸುವುದಕ್ಕೆ ಕೊಡಿ ಅನ್ನುವುದು ನನ್ನ ಸಲಹೆ.

ಮೊದಲು ಸ್ಕಾಲರ್‌ಶಿಪ್. ಕೇಂದ್ರ ಸರ್ಕಾರದ ದಿವ್ಯಾಂಗಜನ ಸಬಲೀಕರಣ ಇಲಾಖೆ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಕೊಡುತ್ತದೆ. ಪಿಯುಸಿಯಿಂದ ಎಂ.ಎ.ವರೆಗೆ ಓದುವವರಿಗೆ ಇದು. ಮನೆಯ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ದಾಟಿರಬಾರದು, ವಿಕಲತೆ ಶೇ 40 ಅಥವಾ ಹೆಚ್ಚಿರಬೇಕು. ಕಟ್ಟಲೇಬೇಕಾದ, ವಾಪಸು ಬರದ ಫೀಸನ್ನು ವರ್ಷಕ್ಕೆ 1.5 ಲಕ್ಷದವರೆಗೆ ಹಿಂದಿರುಗಿಸುತ್ತಾರೆ. ಅದರ ಮೇಲೆ ನಿರ್ವಹಣಾ ಭತ್ಯೆ ಇದೆ. ಬಿ.ಎ. ಓದುತ್ತಾ ಮನೆಯಿಂದ ಓಡಾಡುವವರಿಗೆ ತಿಂಗಳಿಗೆ 650 ರೂಪಾಯಿ, ಹಾಸ್ಟೆಲಿನಲ್ಲಿದ್ದರೆ 950. ಪುಸ್ತಕಕ್ಕೆ ವರ್ಷಕ್ಕೆ 1,500. ಇದಲ್ಲದೆ ವಿಕಲತೆಯ ಭತ್ಯೆ ಅಂತ ಬೇರೆ ಇದೆ. ಹೆಚ್ಚಿನವರಿಗೆ ಅದು ವರ್ಷಕ್ಕೆ 2,000; ಬೌದ್ಧಿಕ ವಿಕಲತೆ ಮತ್ತು ದೃಷ್ಟಿದೋಷ ಇರುವವರಿಗೆ 4,000. ಫೀಸು ಬಿಟ್ಟು ಎಲ್ಲ ಕೂಡಿಸಿದರೆ ವರ್ಷಕ್ಕೆ 12–13 ಸಾವಿರ ಆಗುತ್ತದೆ. ಒಬ್ಬರ ದಿನಗೂಲಿಯ ಮುಂದೆ ಇದು ಏನೂ ಅಲ್ಲ, ನನಗೂ ಗೊತ್ತು. ಆದರೂ ಬಿಡುವ ದುಡ್ಡಲ್ಲ.

ಅರ್ಜಿ ಹಾಕುವುದು ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಎಷ್ಟು ಜನರಿಗೆ ಕೊಡುತ್ತಾರೆ ಅನ್ನುವುದಕ್ಕೆ ಮಿತಿ ಇದೆ, ಕೊನೆ ದಿನ ಪ್ರತಿ ವರ್ಷ ಬೇರೆ. ನೀವು ಅರ್ಜಿ ಹಾಕಿದರೆ ಮುಗಿಯಲಿಲ್ಲ, ಕಾಲೇಜಿನ ನೋಡಲ್ ಅಧಿಕಾರಿ ಅದನ್ನು ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಕಾಲೇಜಿನ ಆಫೀಸಿಗೆ ಹೋಗಿ "ನಮ್ಮ ಹುಡುಗನ ಅರ್ಜಿ ವೆರಿಫೈ ಆಯ್ತಾ ಸರ್" ಅಂತ ಕೇಳುವುದಕ್ಕೆ ಸಂಕೋಚ ಬೇಡ. ಎರಡನೇ ವರ್ಷಕ್ಕೆ ಮತ್ತೆ ರಿನಿವಲ್ ಹಾಕಬೇಕು, ತಾನಾಗಿ ಬರುವುದಿಲ್ಲ. ಇನ್ನೊಂದು ಕಹಿ ನಿಯಮ: ಒಂದೇ ತರಗತಿಯನ್ನು ಎರಡನೇ ಸಲ ಓದಿದರೆ ಆ ವರ್ಷಕ್ಕೆ ದುಡ್ಡಿಲ್ಲ. ನಿಧಾನವಾಗಿ ಕಲಿಯುವ ಮಕ್ಕಳೂ ಇರುವ ಯೋಜನೆಯಲ್ಲಿ ಈ ನಿಯಮ ಯಾಕೆ ಇಟ್ಟರೋ! ಅದಕ್ಕೇ ವಿಷಯ ಆರಿಸುವಾಗ ಗೆಳೆಯರು ತಗೊಂಡಿದ್ದನ್ನಲ್ಲ, ಅವನಿಗೆ ಬರೆಯಲು ಆಗುವುದನ್ನು ಆರಿಸಿ.

ನೀವು ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದವರಾದರೆ ರಾಜ್ಯದ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಆ ಸ್ಕಾಲರ್‌ಶಿಪ್ಪೂ ಇದೆ. ಒಂದೇ ಓದಿಗೆ ಎರಡೂ ಕಡೆ ತಗೊಳ್ಳುವಂತಿಲ್ಲ. ಎರಡರ ಮೊತ್ತವನ್ನೂ ಹೋಲಿಸಿ, ಜಾಸ್ತಿ ಬರುವುದನ್ನು ಹಾಕಿ.

ಈಗ ಸರ್ಟಿಫಿಕೇಟಿನ ವಿಷಯ. ಇಲ್ಲಿ ಎಡವುವವರೇ ಹೆಚ್ಚು. ಬೌದ್ಧಿಕ ವಿಕಲತೆಯ ಪ್ರಮಾಣಪತ್ರ ಒಮ್ಮೆ ಮಾಡಿಸಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ಅದನ್ನು 5, 10 ಮತ್ತು 18ನೇ ವಯಸ್ಸಿಗೆ ಹೊಸದು ಮಾಡಿಸಬೇಕು. 18ಕ್ಕೆ ಮಾಡಿಸಿದ್ದು ಜೀವನಪೂರ್ತಿ ನಡೆಯುತ್ತದೆ. ಹದಿನೆಂಟು ತುಂಬುವುದು ಸರಿಯಾಗಿ ಪಿಯುಸಿ ಮುಗಿದು ಡಿಗ್ರಿ ಸೇರುವ ಹೊತ್ತಿಗೆ, ಅಲ್ವಾ? ಹತ್ತನೇ ವಯಸ್ಸಿನ ಹಳೇ ಕಾಗದ ಹಿಡಿದು ಸ್ಕಾಲರ್‌ಶಿಪ್ ಅರ್ಜಿ ಹಾಕಲು ಹೋದರೆ ಕೊನೆ ದಿನ ಕೈತಪ್ಪಿ ಹೋಗುತ್ತದೆ. ಹಾಗಾಗಿ ಮಗನಿಗೆ 18 ತುಂಬಿದ ಕೂಡಲೇ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ. ಪರೀಕ್ಷೆ ಕೊಪ್ಪಳದವರಿಗೆ ಕಿಮ್ಸ್, ರಾಯಚೂರಿನವರಿಗೆ ರಿಮ್ಸ್, ಬಳ್ಳಾರಿಯವರಿಗೆ ನಾವು ಇನ್ನೂ ವಿಮ್ಸ್ ಅಂತಲೇ ಕರೆಯುವ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ. ಅಲ್ಲಿ ಬುದ್ಧಿಮಟ್ಟದ ಪರೀಕ್ಷೆ ಮಾಡುತ್ತಾರೆ. ದಿನದ ಕೆಲಸ ತಾನೇ ಎಷ್ಟು ಮಾಡಿಕೊಳ್ಳುತ್ತಾನೆ ಅಂತ ನಿಮ್ಮನ್ನೂ ಕೇಳುತ್ತಾರೆ. ಅಲ್ಲಿ ಮಗನನ್ನು ಹೊಗಳಬೇಡಿ, ಕಡಿಮೆ ಮಾಡಿಯೂ ಹೇಳಬೇಡಿ. ಇದ್ದದ್ದು ಇದ್ದಂತೆ ಹೇಳಿ.

ಶೇಕಡಾವಾರು ಹೀಗಿದೆ: ಸೌಮ್ಯ ಪ್ರಮಾಣದ ವಿಕಲತೆಗೆ ಶೇ 50, ಮಧ್ಯಮಕ್ಕೆ 75, ತೀವ್ರಕ್ಕೆ 90, ಅತಿ ತೀವ್ರಕ್ಕೆ 100. ಕಾಲೇಜಿನ ತನಕ ಬರುವ ಮಕ್ಕಳು ಹೆಚ್ಚಾಗಿ ಶೇ 50ರವರು. ಅವರಿಗೆ ಶೇ 40ರ ಮಿತಿ ಇರುವ ಸೌಲಭ್ಯಗಳು ಸಿಗುತ್ತವೆ. ಸೌಮ್ಯಕ್ಕಿಂತಲೂ ಕಡಿಮೆ, ವಿಕಲತೆಯ ಅಂಚಿನಲ್ಲಿರುವ ಮಕ್ಕಳಿಗೆ ಬರುವುದು ಶೇ 25 ಮಾತ್ರ, ಹಾಗಾಗಿ ಅವರು 40ರ ಗೆರೆಯ ಕೆಳಗೇ ಉಳಿಯುತ್ತಾರೆ. ಈಗಿನ ಕಾರ್ಡಿನ ಬಣ್ಣ ನೋಡಿದರೇ ಗೊತ್ತಾಗುತ್ತದೆ. ಬಿಳಿ ಅಂದರೆ 40ಕ್ಕಿಂತ ಕಡಿಮೆ, ಹಳದಿ ಅಂದರೆ 40ರಿಂದ 80ರ ಒಳಗೆ, ನೀಲಿ ಅಂದರೆ 80 ಮತ್ತು ಮೇಲೆ.

ಆಸ್ಪತ್ರೆಗೆ ಹೋದ ದಿನವೇ ಇನ್ನೊಂದು ಕಾಗದ ಕೇಳಿ: ಪರೀಕ್ಷೆಯಲ್ಲಿ ಅವನು ಹೇಳಿದ್ದನ್ನು ಬರೆದುಕೊಡುವವರ ನೆರವು ಬೇಕು ಅನ್ನುವ ಪ್ರಮಾಣಪತ್ರ. ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ 20 ನಿಮಿಷ ಹೆಚ್ಚು ಸಮಯ ಸಿಗುತ್ತದೆ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಜಾಸ್ತಿ. ಇದು ದುಡ್ಡಿನ ಮಾತಲ್ಲ ಅನ್ನಿಸಬಹುದು. ಆದರೆ ಒಂದು ವರ್ಷ ಫೇಲಾದರೆ ಸ್ಕಾಲರ್‌ಶಿಪ್ಪೂ ಹೋಗುತ್ತದೆ ಅಂತ ಮೇಲೆ ಹೇಳಿದೆನಲ್ಲ.

ಬ್ಯಾಂಕ್ ಖಾತೆಯಲ್ಲೂ 18ರದ್ದೇ ತೊಡಕು. ಚಿಕ್ಕವನಿದ್ದಾಗ ನೀವು ಪಾಲಕರಾಗಿ ತೆರೆದ ಖಾತೆಯನ್ನು 18 ತುಂಬಿದ ಮೇಲೆ ನೀವು ನಡೆಸುವಂತಿಲ್ಲ. ಮಗನೇ ಹೊಸದಾಗಿ ಕೆವೈಸಿ ಕೊಡಬೇಕು. ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಸ್ಕಾಲರ್‌ಶಿಪ್ ಮಂಜೂರಾದರೂ ದುಡ್ಡು ಬರುವುದಿಲ್ಲ. "ಇವನ ಸಹಿ ನಡೆಯಲ್ಲ, ಗಾರ್ಡಿಯನ್ ಪತ್ರ ತನ್ನಿ" ಅನ್ನುವ ಬ್ಯಾಂಕಿನವರೂ ಇದ್ದಾರೆ. ಆ ಪತ್ರ ಕೊಡುವುದು ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ, 1999ರ ಅಡಿಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿ. ಆದರೆ ಅವಸರದಲ್ಲಿ ಅದನ್ನು ಮಾಡಿಸಬೇಡಿ ಅಂತ ನಾನು ಹೇಳುತ್ತೇನೆ. ಪಿಯುಸಿ ಬರೆದು ಪಾಸಾದ ಹುಡುಗ ಒಂದು ಉಳಿತಾಯ ಖಾತೆಯನ್ನು ತಾನೇ ನಡೆಸಬಲ್ಲ. ಮೊದಲು ಮ್ಯಾನೇಜರನ್ನು ನೋಡಿ, ಅವನಿಂದಲೇ ಮಾತಾಡಿಸಿ.

ಇನ್ನು ಓಡಾಟ. ನಮ್ಮ ಕಡೆ ದುಡ್ಡು ಉಳಿಸಲು ನಿಜವಾದ ದಾರಿ ಇರುವುದು ಇಲ್ಲೇ. ಮಗನಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ವಿಕಲಚೇತನರ ರಿಯಾಯಿತಿ ಪಾಸು ಮಾಡಿಸಿ, ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಜೊತೆಗೆ ಹೋಗುವವರಿಗೆ ಆ ಪಾಸು ನಡೆಯುವುದಿಲ್ಲ. ಆದರೆ ಜೊತೆಗೆ ಹೋಗುವವರು ಹೆಂಗಸರಾದರೆ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನಲ್ಲಿ ಅವರ ಟಿಕೆಟ್ಟಿಗೆ ದುಡ್ಡೇ ಇಲ್ಲ. ಅಮ್ಮನೋ ಅಕ್ಕನೋ ಜೊತೆಗೆ ಹೋದರೆ ಇಬ್ಬರ ಬಸ್ ಖರ್ಚೂ ಬಹುತೇಕ ಇಳಿಯಿತು. ವಿದ್ಯಾರ್ಥಿ ಹುಡುಗಿಯಾದರೆ ಇನ್ನೂ ಸುಲಭ.

ರೈಲಿನ ಹಾದಿಯಲ್ಲಿರುವವರಿಗೆ ಇನ್ನೊಂದು ಅನುಕೂಲ. ಒಬ್ಬರೇ ಪ್ರಯಾಣ ಮಾಡಲಾಗದ ಬೌದ್ಧಿಕ ವಿಕಲಚೇತನರಿಗೆ ಸೆಕೆಂಡ್ ಕ್ಲಾಸು, ಸ್ಲೀಪರಿನಲ್ಲಿ ಶೇ 75 ರಿಯಾಯಿತಿ ಇದೆ. ತಿಂಗಳ ಸೀಸನ್ ಟಿಕೆಟ್ಟಿಗೆ ಶೇ 50. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ರಿಯಾಯಿತಿ. ಕೊಪ್ಪಳ, ಗಿಣಿಗೇರಾ, ಹೊಸಪೇಟೆ, ಬಳ್ಳಾರಿ ಒಂದೇ ಲೈನಿನಲ್ಲಿವೆ. ಈ ಊರುಗಳ ನಡುವೆ ಓಡಾಡುವವರು ಸೀಸನ್ ಟಿಕೆಟ್ಟಿನ ಲೆಕ್ಕವನ್ನೂ ಹಾಕಿ ನೋಡಿ. ಒಂದೆರಡು ತಿಂಗಳು ಜೊತೆಗೆ ಹೋಗಿ, ದಿನಾ ಅದೇ ಬಸ್ಸು, ಅದೇ ಸ್ಟಾಪು ಅಂತ ರೂಢಿ ಮಾಡಿಸಿದರೆ ಎಷ್ಟೋ ಮಕ್ಕಳು ಒಬ್ಬರೇ ಹೋಗಿಬರುತ್ತಾರೆ. ಅದೇ ಓಣಿಯಿಂದ ಕಾಲೇಜಿಗೆ ಹೋಗುವ ಹುಡುಗನೊಬ್ಬ ಸಿಕ್ಕರಂತೂ ನಿಮ್ಮ ಕೂಲಿ ಉಳಿಯಿತು.

ಔಷಧಿ, ಥೆರಪಿ ಖರ್ಚಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ಇದೆ. ವರ್ಷಕ್ಕೆ 1 ಲಕ್ಷದವರೆಗೆ, ಹೊರರೋಗಿ ಚಿಕಿತ್ಸೆಯೂ ಸೇರಿ. ಇಷ್ಟೆಲ್ಲ ಅರ್ಜಿ ಯಾರು ಹಾಕಿಕೊಡುತ್ತಾರೆ ಅಂತ ಗಾಬರಿಯಾಗಬೇಡಿ. ಗ್ರಾಮ ಪಂಚಾಯತಿಯಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ತಾಲ್ಲೂಕು ಪಂಚಾಯತಿಯಲ್ಲಿ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅವರ ಕೆಲಸವೇ ಇದು. ಆದಾಯ ಪ್ರಮಾಣಪತ್ರ ಮಾತ್ರ ನಾಡಕಚೇರಿಯಲ್ಲಿ ನೀವೇ ಮೊದಲು ಮಾಡಿಸಿಟ್ಟುಕೊಳ್ಳಿ.

ಪಿಯುಸಿ ಪಾಸಾಗದ ಮಕ್ಕಳ ತಾಯಂದಿರೂ ಇದನ್ನು ಓದುತ್ತಿರಬಹುದು. ಅಮೆರಿಕದ ಕಾಲೇಜುಗಳ ವಿಡಿಯೋ ನೋಡಿ "ಅಲ್ಲಿ ಇಂಥ ಮಕ್ಕಳಿಗೇ ಕೋರ್ಸ್ ಇದೆಯಂತೆ" ಅನ್ನುತ್ತಾರೆ. ನಿಜ. ಅಲ್ಲಿ 2008ರ ಕಾಯ್ದೆಯ ನಂತರ, ಹೈಸ್ಕೂಲ್ ಡಿಪ್ಲೊಮಾ ಇಲ್ಲದಿದ್ದರೂ ಮಾನ್ಯತೆ ಪಡೆದ ಇಂಥ ಕೋರ್ಸ್ ಸೇರಿದವರಿಗೆ ಪೆಲ್ ಗ್ರಾಂಟ್ ಅನ್ನುವ ಸರ್ಕಾರಿ ನೆರವು ಸಿಗುತ್ತದೆ. ನಮ್ಮಲ್ಲಿ ಡಿಗ್ರಿಗೆ ಪಿಯುಸಿಯೋ ಅದಕ್ಕೆ ಸಮನಾದ ಪಾಸೋ ಬೇಕೇ ಬೇಕು. ಪಿಯುಸಿ ಆಗದವರಿಗೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ ಒಳ್ಳೆಯ ದಾರಿ. ಒಮ್ಮೆ ನೋಂದಾಯಿಸಿದರೆ ಐದು ವರ್ಷ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಬರೆದು ಮುಗಿಸಬಹುದು, ವಿಕಲಚೇತನರಿಗೆ ಫೀಸಿನಲ್ಲಿ ರಿಯಾಯಿತಿಯೂ ಇದೆ. ಓದಿಗಿಂತ ಕೈಕೆಲಸ ಹಿಡಿಸುವ ಮಕ್ಕಳಿಗೆ ಸಿಕಂದರಾಬಾದಿನಲ್ಲಿ ಬೌದ್ಧಿಕ ವಿಕಲಚೇತನರಿಗಾಗಿ ಇರುವ ರಾಷ್ಟ್ರೀಯ ಸಂಸ್ಥೆ ಎನ್‌ಐಇಪಿಐಡಿಯಲ್ಲಿ ತಪಾಸಣೆ, ವೃತ್ತಿ ತರಬೇತಿ ಎರಡೂ ಇವೆ. ರಾಯಚೂರಿನವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ.

ಕೊನೆಗೆ ಸೀಟಿನ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 32ನೇ ಕಲಂ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲು, ವಯಸ್ಸಿನಲ್ಲೂ 5 ವರ್ಷ ಸಡಿಲಿಕೆ. "ಇವಂಗ್ಯಾಕ್ರೀ ಕಾಲೇಜು" ಅಂತ ಯಾರಾದರೂ ಬಾಯಿಮಾತಿನಲ್ಲಿ ವಾಪಸು ಕಳಿಸಿದರೆ ಅಲ್ಲಿ ಜಗಳ ಬೇಡ. ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ, ಕೊಡಲ್ಲ ಅಂದರೆ ಕಾರಣ ಬರೆದುಕೊಡಿ ಅನ್ನಿ. ಆ ಕಾಗದ ಇಟ್ಟುಕೊಂಡು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ದೂರು ಕೊಡಿ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಅಂಚೆಯಲ್ಲೇ ಬರೆಯಬಹುದು.