ಕೊಳ್ಳೆಯೋ ಹೋರಾಟವೋ: ‘ಕಾಟಕಾಯಿ’ ಎಂಬ ಪದದ ಹಿನ್ನೆಲೆ

ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಂತಿರುವ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರ ನವೆಂಬರಿನಲ್ಲಿ ಅನಾವರಣಗೊಂಡಾಗ, ಅವರನ್ನು ಸ್ವಾತಂತ್ರ್ಯ ಹೋರಾಟಗಾರರೆಂದು ಗೌರವಿಸಲಾಯಿತು. ಆದರೆ ಅವರು ಮುಂಚೂಣಿಯಲ್ಲಿದ್ದ 1837ರ ದಂಗೆಗೆ ಬಹುಕಾಲ ಅಂಟಿಕೊಂಡಿದ್ದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಸೂರೆ, ಕೊಳ್ಳೆ.

ಕಂಪನಿ ಸರ್ಕಾರ 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಮೇಲೆ ಅಮರ ಸುಳ್ಯ ಮಾಗಣೆಯನ್ನು (ಹಲವು ಊರುಗಳ ಕಂದಾಯ ವಿಭಾಗ) ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆದ ಬೆಳೆಯಲ್ಲೇ ಕಂದಾಯ ಅಳೆದುಕೊಡುತ್ತಿದ್ದ ರೈತರು ಇನ್ನು ಮುಂದೆ ನಗದನ್ನೇ ತರಬೇಕಾಯಿತು. ಇದರ ವಿರುದ್ಧ ಸಿಡಿದೆದ್ದು ಬೆಳ್ಳಾರೆಯ ಖಜಾನೆಯನ್ನು ಕೈವಶ ಮಾಡಿಕೊಂಡ ದಂಡು 1837ರ ಏಪ್ರಿಲಿನಲ್ಲಿ ಮಂಗಳೂರನ್ನು ಹೊಕ್ಕು, ಗುಡ್ಡದ ಮೇಲೆ ತನ್ನ ಬಾವುಟ ಏರಿಸಿ, ಸುಮಾರು 13 ದಿನ ಊರನ್ನು ಹಿಡಿದಿಟ್ಟುಕೊಂಡಿತು. ಕಲ್ಯಾಣಸ್ವಾಮಿ (ಕಲ್ಯಾಣಪ್ಪ) ಎಂಬ ಹೆಸರಿನಲ್ಲಿ ದಂಡನ್ನು ಮುನ್ನಡೆಸಿದ ಪುಟ್ಟಬಸಪ್ಪನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು.

ಖಜಾನೆಗೆ ಕೈಹಾಕಿದ್ದು ನಿಜ. ‘ಕಾಟಕಾಯಿ’ ಅಷ್ಟನ್ನು ಮಾತ್ರ ಹೇಳುತ್ತದೆ. ಖಜಾನೆ ತುಂಬಿದ್ದು ಯಾರ ಗದ್ದೆಯಿಂದ ಎಂಬುದನ್ನು ಹೇಳುವುದಿಲ್ಲ. ಆಳುವವರ ಕಣ್ಣಿನಿಂದ ನೋಡಿದ ಪದವೊಂದು ಸೋತವರ ಮಕ್ಕಳ ನಾಲಗೆಯ ಮೇಲೂ ಉಳಿದುಕೊಂಡಿತಲ್ಲ, ಅದು ನನ್ನನ್ನು ಇಂದಿಗೂ ಕಾಡುತ್ತದೆ.

ಈ ಹೆಸರನ್ನು ಬದಲಿಸುವಲ್ಲಿ ಸಾಹಿತ್ಯದ ಪಾಲು ದೊಡ್ಡದು. ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿಯಲ್ಲಿ ಈ ದಂಗೆಯನ್ನು ಜನರ ಕಡೆಯಿಂದ ಕಂಡರು. ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಯ್ಯೂರಿನ ನಾಲ್ವರು ರೈತ ಹೋರಾಟಗಾರರನ್ನು 1943ರಲ್ಲಿ ಗಲ್ಲಿಗೇರಿಸಿದ ಘಟನೆಯನ್ನು ‘ಚಿರಸ್ಮರಣೆ’ ಕಾದಂಬರಿಯಾಗಿಸಿದರು. ಶೋಷಣೆ, ಕ್ರಾಂತಿ ಎಂಬ ಪದಗಳು ಕನ್ನಡ ಓದುಗರಿಗೆ ಬಳಕೆಯ ಮಾತಾಗುವಲ್ಲಿ ಇಂಥ ಬರವಣಿಗೆಯ ಪಾಲೂ ಇದೆ. ಶೋಷಣೆಯ ಮೂಲಾರ್ಥ ಒಣಗಿಸುವುದು, ಹೀರಿಕೊಳ್ಳುವುದು. ಕ್ರಾಂತಿಯದು ಹೆಜ್ಜೆಯಿಟ್ಟು ದಾಟುವುದು, ಸಂಕ್ರಾಂತಿಯಲ್ಲಿರುವುದೂ ಅದೇ. ಈ ಎರಡೂ ಕಾದಂಬರಿಗಳಿಗೆ ಮೊದಲು, ಶಿವರಾಮ ಕಾರಂತರ 1933ರ ‘ಚೋಮನ ದುಡಿ’ಯಲ್ಲಿ, ದಬ್ಬಾಳಿಕೆಯ ಭಾರವನ್ನೆಲ್ಲ ಹೊರಲು ‘ಧಣಿ’ ಎಂಬ ಸಂಬೋಧನೆಯೇ ಸಾಕಾಗಿತ್ತು. ಸಿದ್ಧಾಂತದ ಪದಗಳಿಗಿಂತ ಈ ಒಂದು ಕರೆ ಹೆಚ್ಚು ನೋಯಿಸುತ್ತದೆ ಎಂದೇ ನನ್ನ ಅನಿಸಿಕೆ.

1974ರ ಭೂಸುಧಾರಣೆಯೊಂದಿಗೆ ‘ಗೇಣಿ’, ‘ಒಕ್ಕಲು’ ಪದಗಳ ಜಾಗಕ್ಕೆ ‘ಡಿಕ್ಲರೇಶನ್’ (ಉಳುವ ಭೂಮಿಯ ಹಕ್ಕು ಕೋರಿ ಗೇಣಿದಾರರು ಸಲ್ಲಿಸುತ್ತಿದ್ದ ಅರ್ಜಿ) ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ, ಒಂದು ಕಾಲಕ್ಕೆ ಆಳುವವರ ಕಿವಿಗೆ ಅಪರಾಧವಾಗಿ ಕೇಳಿಸುತ್ತಿದ್ದ ಪದವನ್ನು ಬರಹಗಾರರು ತಮ್ಮ ಹೆಸರಾಗಿ ಇಟ್ಟುಕೊಂಡರು.

ಇವತ್ತು 1837ರ ದಂಗೆಗೆ ‘ಅಮರ ಸುಳ್ಯ ಸ್ವಾತಂತ್ರ್ಯ ಹೋರಾಟ’ ಎಂಬ ಹೆಸರು ನೆಲೆಗೊಳ್ಳುತ್ತಿದೆ. ಹಾಗೆಂದು ‘ಕಾಟಕಾಯಿ’ಯನ್ನು ಒರೆಸಿಹಾಕುವುದು ಸರಿಯಲ್ಲ. ನಿಘಂಟಿನಲ್ಲಿ ಅದು ಇರಲಿ. ಕೊಳ್ಳೆ ಎಂಬ ಅರ್ಥದ ಪಕ್ಕದಲ್ಲೇ, ನಗದಿನ ಕಂದಾಯಕ್ಕೆ ಎದುರು ನಿಂತವರನ್ನು ಹೀಗೆ ಕರೆಯಲಾಗಿತ್ತು ಎಂಬ ಸಾಲೂ ಇರಲಿ.