ಲಿಬ್ಬಿಗೆ ಬುಷ್ ಕೊಟ್ಟ ಅರ್ಧ ಮಾಫಿ

2007ರ ಜುಲೈ 2. ಮೇಲ್ಮನವಿ ಮುಗಿಯುವ ತನಕ ಹೊರಗಿರಲು ಬಿಡಿ ಎಂಬ ಸ್ಕೂಟರ್ ಲಿಬ್ಬಿಯವರ ಕೋರಿಕೆಯನ್ನು ವಾಷಿಂಗ್ಟನ್ನಿನ ಕೋರ್ಟು ತಳ್ಳಿಹಾಕಿತು. ಇನ್ನೇನು ಜೈಲೇ ಗತಿ. ಆದರೆ ಅದೇ ದಿನ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್, ಲಿಬ್ಬಿಯವರ 30 ತಿಂಗಳ ಜೈಲುಶಿಕ್ಷೆಯನ್ನು ಪೂರ್ತಿ ತೆಗೆದುಹಾಕಿದರು. 2,50,000 ಡಾಲರ್ ದಂಡ ಮತ್ತು ಎರಡು ವರ್ಷದ ನಿಗಾ ಹಾಗೇ ಉಳಿದವು. ಅಪರಾಧಿ ಎಂಬ ಹಣೆಪಟ್ಟಿಯೂ ಉಳಿಯಿತು.

ಲಿಬ್ಬಿ ಉಪಾಧ್ಯಕ್ಷ ಡಿಕ್ ಚೇನಿಯವರ ಬಲಗೈ. ಕಥೆ ಶುರುವಾಗಿದ್ದು 2003ರಲ್ಲಿ. ಇರಾಕ್ ಆಫ್ರಿಕಾದಿಂದ ಯುರೇನಿಯಂ ತರಲು ನೋಡಿತ್ತು ಎಂಬ ಸರ್ಕಾರದ ಮಾತನ್ನು ಮಾಜಿ ರಾಯಭಾರಿ ಜೋಸೆಫ್ ವಿಲ್ಸನ್ ಪತ್ರಿಕೆಯಲ್ಲಿ ಪ್ರಶ್ನಿಸಿದರು. ಎಂಟೇ ದಿನದಲ್ಲಿ ಅವರ ಹೆಂಡತಿ ವ್ಯಾಲೆರಿ ಪ್ಲೇಮ್ ಗುಪ್ತಚರ ಸಂಸ್ಥೆ ಸಿಐಎದವರು ಎಂಬ ಗುಟ್ಟು ಅಂಕಣವೊಂದರಲ್ಲಿ ಬಯಲಾಯಿತು. ಆ ಅಂಕಣಕಾರರಿಗೆ ಮೊದಲು ಸುಳಿವು ಕೊಟ್ಟವರು ಲಿಬ್ಬಿ ಅಲ್ಲ, ವಿದೇಶಾಂಗ ಇಲಾಖೆಯ ರಿಚರ್ಡ್ ಆರ್ಮಿಟೇಜ್. ಲಿಬ್ಬಿ ಸಿಕ್ಕಿಬಿದ್ದಿದ್ದು ತನಿಖೆಯಲ್ಲಿ ಸುಳ್ಳು ಹೇಳಿದ್ದಕ್ಕೆ. ಮೊದಲು ಸುಳಿವು ಕೊಟ್ಟವರು ಬೇರೆ, ಶಿಕ್ಷೆ ಲಿಬ್ಬಿಗೆ ಎಂಬುದೇ ಬೆಂಬಲಿಗರು ಸದಾ ಎತ್ತುವ ಮಾತು. ಸುಮ್ನೆ ತಳ್ಳಿಹಾಕುವ ಮಾತೂ ಅಲ್ಲ.

ಶಿಕ್ಷೆ ಅತಿಯಾಯಿತು ಎಂದರು ಬುಷ್. ಅದಕ್ಕೆ ಹನ್ನೊಂದು ದಿನ ಮೊದಲು ಸುಪ್ರೀಂ ಕೋರ್ಟು ಇನ್ನೊಂದು ಸುಳ್ಳುಸಾಕ್ಷಿ ಪ್ರಕರಣದಲ್ಲಿ ಮಾಜಿ ಸೈನಿಕರೊಬ್ಬರ 33 ತಿಂಗಳ ಶಿಕ್ಷೆಯನ್ನು ಎತ್ತಿಹಿಡಿದಿತ್ತು. ಅದು ಸರಿಯಾದ ಶಿಕ್ಷೆ ಎಂದು ವಾದಿಸಿದ್ದು ಬುಷ್ ಸರ್ಕಾರವೇ! ಸಾಲದ್ದಕ್ಕೆ ಇನ್ನೊಂದು ತೊಡಕು ಬಂತು. ನಿಗಾ ಶುರುವಾಗುವುದು ಜೈಲಿನಿಂದ ಹೊರಬಂದ ಮೇಲೆ ಅನ್ನುತ್ತದೆ ಕಾನೂನು. ಒಳಗೇ ಹೋಗದವರು ಹೊರಗೆ ಬರುವುದು ಹೇಗೆ? ನ್ಯಾಯಾಧೀಶ ರೆಗ್ಗಿ ವಾಲ್ಟನ್ ಎರಡೂ ಕಡೆಯ ವಕೀಲರನ್ನು ಇದನ್ನೇ ಕೇಳಬೇಕಾಯಿತು.

ಡೆಮಾಕ್ರಟರು ಕೆಂಡವಾದರು. ಪಲಾಯನ ಮಾಡಿದ್ದ ಉದ್ಯಮಿ ಮಾರ್ಕ್ ರಿಚ್‌ಗೆ 2001ರಲ್ಲಿ ಡೆಮಾಕ್ರಟ್ ಅಧ್ಯಕ್ಷ ಕ್ಲಿಂಟನ್ ಕೊಟ್ಟ ಕ್ಷಮೆ ಏನು ಕಮ್ಮಿಯೇ ಎಂದು ರಿಪಬ್ಲಿಕನ್ನರು ತಿರುಗಿಬಿದ್ದರು. ತಮಾಷೆ ಎಂದರೆ, ಹಿಂದೊಮ್ಮೆ ರಿಚ್ ಪರ ವಕೀಲರಾಗಿದ್ದವರು ಇದೇ ಲಿಬ್ಬಿ.

ನನ್ನ ಮಟ್ಟಿಗೆ ಅಸಲಿ ಪ್ರಶ್ನೆ ದಯೆಯದ್ದಲ್ಲ, ಬಾಯಿಯದ್ದು. ತನಗೇ ಶಿಕ್ಷೆ ತರುವಂಥ ಸಾಕ್ಷಿ ಹೇಳಲು ಅಮೆರಿಕದಲ್ಲಿ ಯಾರನ್ನೂ ಬಲವಂತ ಮಾಡುವಂತಿಲ್ಲ. ಪೂರ್ತಿ ಕ್ಷಮೆ ಸಿಕ್ಕಿದ್ದರೆ ಆ ಶಿಕ್ಷೆಯ ಭಯವೇ ಇಲ್ಲ, ಹಾಗಾಗಿ ಈ ವಿಷಯದಲ್ಲಿ ಸಾಕ್ಷಿ ಹೇಳಲ್ಲ ಎನ್ನಲು ಲಿಬ್ಬಿಗೆ ನೆಪ ಉಳಿಯುತ್ತಿರಲಿಲ್ಲ. ಅರ್ಧ ಮಾಫಿಯಲ್ಲಿ ಮೇಲ್ಮನವಿಯೂ ಜೀವಂತ, ಮೌನವೂ ಭದ್ರ. ಈ ಭಯ ಹೊಸದಲ್ಲ. 1787ರಲ್ಲಿ ಸಂವಿಧಾನ ಬರೆಯುವಾಗಲೇ ವರ್ಜೀನಿಯಾದ ಜಾರ್ಜ್ ಮೇಸನ್ ಆಕ್ಷೇಪ ಎತ್ತಿದ್ದರು: ತಾನೇ ಮಾಡಿಸಿದ ಅಪರಾಧವನ್ನು ಅಧ್ಯಕ್ಷ ಕ್ಷಮಿಸಿಬಿಟ್ಟರೆ? ಅವರ ಮಾತು ನಡೆಯಲಿಲ್ಲ.

1974ರಲ್ಲಿ ವಾಟರ್‌ಗೇಟ್ ಹಗರಣದಿಂದ ಕೆಳಗಿಳಿದಿದ್ದ ಅಧ್ಯಕ್ಷ ನಿಕ್ಸನ್‌ರನ್ನು ಕ್ಷಮಿಸಿದ ಮುಂದಿನ ಅಧ್ಯಕ್ಷ ಫೋರ್ಡ್, 1976ರ ಚುನಾವಣೆ ಸೋತರು. ಅದನ್ನು ನೋಡಿಯೇ ಇರಬೇಕು, ಮುಂದಿನವರು ಚುನಾವಣೆ ಮುಗಿದ ಮೇಲೆ ಸಹಿ ಹಾಕಲು ಕಲಿತರು. 1992ರ ಕ್ರಿಸ್‌ಮಸ್ ಮುನ್ನಾದಿನ, ಆಗಲೇ ಸೋತಿದ್ದ ಹಿರಿಯ ಬುಷ್, ಇರಾನಿಗೆ ಗುಟ್ಟಾಗಿ ಆಯುಧ ಮಾರಿ ಆ ಹಣವನ್ನು ನಿಕರಾಗುವಾದ ಬಂಡುಕೋರರಿಗೆ ಕೊಟ್ಟ ಇರಾನ್-ಕಾಂಟ್ರಾ ಹಗರಣದ ಆರು ಜನರನ್ನು ಕ್ಷಮಿಸಿದರು. ಅವರಲ್ಲಿ ಮಾಜಿ ರಕ್ಷಣಾ ಕಾರ್ಯದರ್ಶಿ ವೈನ್‌ಬರ್ಗರ್ ವಿಚಾರಣೆಗೆ ಎರಡು ವಾರವೂ ಉಳಿದಿರಲಿಲ್ಲ.

ಮಗ ಬುಷ್‌ಗೆ ಪೆಟ್ಟು ಬಿದ್ದಿದ್ದು ಒಳಗಿನಿಂದಲೇ. ಪೂರ್ತಿ ಕ್ಷಮೆ ಕೊಡಿ ಎಂದು ಚೇನಿ ಕೊನೇ ದಿನಗಳವರೆಗೂ ಪಟ್ಟು ಹಿಡಿದರು. ಬುಷ್ ಒಪ್ಪಲಿಲ್ಲ, ಸಂಬಂಧ ಹಳಸಿತು. ಆ ಪೂರ್ತಿ ಕ್ಷಮೆ ಕೊಟ್ಟಿದ್ದು 2018ರ ಏಪ್ರಿಲ್‌ನಲ್ಲಿ ಟ್ರಂಪ್. ಆಗ 2016ರ ಚುನಾವಣೆಯಲ್ಲಿ ರಷ್ಯಾದ ಹಸ್ತಕ್ಷೇಪದ ಬಗ್ಗೆ ನಡೆಯುತ್ತಿದ್ದ ಮುಲ್ಲರ್ ತನಿಖೆ ಟ್ರಂಪ್ ಆಪ್ತರ ಬೆನ್ನು ಹತ್ತಿತ್ತು. ಬಾಯಿ ಬಿಡದವರಿಗೆ ಇದು ಸೂಚನೆ ಅಲ್ವಾ ಎಂದು ವಿರೋಧಿಗಳು ಕೇಳಿದರು. 2020ರ ಜುಲೈನಲ್ಲಿ ಆ ತನಿಖೆಯಲ್ಲಿ ಸಿಕ್ಕಿಬಿದ್ದಿದ್ದ ಟ್ರಂಪ್ ಗೆಳೆಯ ರೋಜರ್ ಸ್ಟೋನ್ 40 ತಿಂಗಳ ಜೈಲಿಗೆ ಹೊರಡಬೇಕಿತ್ತು. ಅದಕ್ಕೆ ನಾಲ್ಕು ದಿನ ಮೊದಲು ಲಿಬ್ಬಿಯಂತೆಯೇ ಅವರ ಜೈಲುಶಿಕ್ಷೆಯೂ ಮಾಫಿಯಾಯಿತು. ಪೂರ್ತಿ ಕ್ಷಮೆ ಬಂದಿದ್ದು ಡಿಸೆಂಬರ್‌ನಲ್ಲಿ, ಚುನಾವಣೆ ಮುಗಿದ ಮೇಲೆ.