ತಾಡಪಾಲು ಕಟ್ಟಿದ ಲಾರಿಗೆ ದಾರಿ ಹೇಳುವುದು

ಮಳೆಗಾಲದಲ್ಲಿ ಶಿರಸಿಯಿಂದ ಕುಮಟೆಗೆ ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ದೇವಿಮನೆ ಬಿಟ್ಟಿದ್ದಾರಾ?" ಬಿಟ್ಟಿದ್ದರೆ ನೆಟ್ಟಗೆ ಘಟ್ಟ ಇಳಿಯಬಹುದು. ಧರೆ ಕುಸಿದು ಬಂದಾಗಿದ್ದರೆ ಸಿದ್ದಾಪುರಕ್ಕೆ ಹೋಗಿ ದೊಡ್ಮನೆ ಘಟ್ಟ ಹಿಡಿಯಬೇಕು. ಭಾರಿ ಲಾರಿಯಾದರೆ ಯಲ್ಲಾಪುರ ಸುತ್ತಿ, ಅರಬೈಲ್ ಇಳಿದು ಅಂಕೋಲೆ ಸೇರಬೇಕು. ಇಡೀ ಜಿಲ್ಲೆಯ ನಕಾಶೆ ಯಾರ ತಲೆಯಲ್ಲೂ ಇರುವುದಿಲ್ಲ. ಆಗಷ್ಟೇ ಘಟ್ಟ ಹತ್ತಿ ಬಂದ ಬಸ್ಸಿನ ಡ್ರೈವರ್ ಹೇಳಿದ್ದನ್ನು ನಂಬಿ ಮುಂದಿನ ತಿರುವಿನವರೆಗೆ ಹೋಗುತ್ತೇವೆ, ಅಲ್ಲಿ ಮತ್ತೆ ಕೇಳುತ್ತೇವೆ.

ಇಂಟರ್ನೆಟ್ಟಿನಲ್ಲಿ ಮಾಹಿತಿಗೆ ದಾರಿ ತೋರುವ ರೂಟರೆಂಬ ಯಂತ್ರಗಳೂ ಹೆಚ್ಚುಕಡಿಮೆ ಹೀಗೆಯೇ ಬದುಕುತ್ತವೆ. ಒಂದು ಸಂಸ್ಥೆಯ ಒಳಗಿನ ಜಾಲದಲ್ಲಿ ಮಾತ್ರ ಪೂರ್ತಿ ನಕಾಶೆ ಇಟ್ಟುಕೊಂಡು ಅತಿ ಹತ್ತಿರದ ದಾರಿ ಲೆಕ್ಕ ಹಾಕುವ ಪದ್ಧತಿಯಿದೆ. ಆ ಲೆಕ್ಕವನ್ನು 1956ರಲ್ಲಿ ಡೈಕ್‌ಸ್ಟ್ರಾ ಎಂಬ ಡಚ್ ಗಣಿತಜ್ಞ ಆಮ್‌ಸ್ಟರ್‌ಡ್ಯಾಮಿನ ಕೆಫೆಯೊಂದರಲ್ಲಿ ಕಾಫಿ ಕುಡಿಯುತ್ತಾ ಇಪ್ಪತ್ತೇ ನಿಮಿಷದಲ್ಲಿ ಹೊಳೆಸಿಕೊಂಡ. ಅವನ ಎದುರಿಗಿದ್ದದ್ದೂ ರಸ್ತೆಯ ಪ್ರಶ್ನೆಯೇ: ಒಂದು ಊರಿನಿಂದ ಇನ್ನೊಂದಕ್ಕೆ ಅತಿ ಹತ್ತಿರದ ದಾರಿ ಯಾವುದು?

ನಾನು 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು, ಇಲ್ಲೇ ಉಳಿದೆ. ಅಡಿಕೆ ತೋಟದ ಮೇಲಿನ ಮನೆಯ ಜಗುಲಿಯಲ್ಲಿ ಕೂತು ಬೆಂಗಳೂರಿನ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ನಡುವೆ ಇರುವುದು ವಿಪಿಎನ್, ಅಂದರೆ ಇಂಟರ್ನೆಟ್ಟಿನೊಳಗೇ ಕೊರೆದ ಖಾಸಗಿ ಸುರಂಗ. ನಾನು ಕಳಿಸುವ ಪ್ರತಿ ಪ್ಯಾಕೆಟ್ಟೂ, ಅಂದರೆ ಮಾಹಿತಿಯ ಪ್ರತಿ ತುಂಡೂ, ಗೂಢಲಿಪಿಯಾಗಿ ಇನ್ನೊಂದು ಪ್ಯಾಕೆಟ್ಟಿನೊಳಗೆ ಕೂತು ಹೋಗುತ್ತದೆ. ತಾಡಪಾಲು ಬಿಗಿದ ಲಾರಿಯಂತೆ. ಒಳಗಿರುವುದು ಚಾಲಿಯೋ ಕಾಳುಮೆಣಸೋ, ಯಾರಿಗೆ ಸೇರಬೇಕಾದ್ದು, ದಾರಿಯಲ್ಲಿರುವವರಿಗೆ ಒಂದೂ ತಿಳಿಯದು. ಅವರಿಗೆ ಕಾಣುವುದು ಲಾರಿಯ ನಂಬರು, ಅಂದರೆ ನನ್ನ ಇಂಟರ್ನೆಟ್ ವಿಳಾಸ, ಮತ್ತು ಅದು ಹೋಗಬೇಕಾದ ಬಾಗಿಲು, ಅಂದರೆ ಕಚೇರಿಯ ಗೇಟ್‌ವೇ.

ಆ ವರ್ಷ ಕಷ್ಟ ಶುರುವಾದದ್ದು ಅಲ್ಲೇ. ಎಲ್ಲರೂ ಮನೆಯಲ್ಲಿ ಕೂತ ಮೇಲೆ ವಿಡಿಯೋ ಕರೆಯೂ ಹಾಡೂ ಸಿನಿಮಾವೂ ಕಚೇರಿಯ ಬಾಗಿಲನ್ನೇ ಹಾದು ಹೋಗತೊಡಗಿದವು. ಪಕ್ಕದ ಮನೆಗೆ ಮಜ್ಜಿಗೆ ಕೊಡಲು ಬೆಂಗಳೂರು ಸುತ್ತಿ ಬಂದ ಹಾಗೆ. ಕಚೇರಿಗೆ ಸೇರಿದ್ದನ್ನು ಮಾತ್ರ ಸುರಂಗಕ್ಕೆ ಬಿಟ್ಟು ಉಳಿದದ್ದನ್ನು ನೇರವಾಗಿ ಹೊರಗೆ ಬಿಡುವುದು ಇದಕ್ಕೆ ಮದ್ದು. ವಿಂಗಡಿಸುವ ನಿಯಮ ನಮ್ಮ ಪೋಸ್ಟ್‌ಮ್ಯಾನ್‌ಗೆ ಗೊತ್ತಿರುವುದೇ: ಬರೀ "ಹೆಗಡೆಯವರ ಮನೆ" ಎಂದಿದ್ದರೆ ಊರಲ್ಲಿ ಹತ್ತು ಮನೆ ಸಿಗುತ್ತವೆ, "ಕೆಳಗಿನಮನೆ ಹೆಗಡೆ" ಎಂದಿದ್ದರೆ ಒಂದೇ. ರೂಟರಿನ ಪಟ್ಟಿಯಲ್ಲೂ ಹೆಚ್ಚು ನಿಖರವಾದ ವಿಳಾಸದ್ದೇ ಮೇಲುಗೈ.

ಇದೇ ನಿಯಮ ನನಗೊಮ್ಮೆ ಕೈಕೊಟ್ಟಿತ್ತು. ಕಚೇರಿಯ ಒಂದು ಸರ್ವರಿನ ವಿಳಾಸ 192.168.1ರಿಂದ ಶುರುವಾಗುತ್ತಿತ್ತು. ಮನೆಯ ಮೋಡೆಮ್ ಹಂಚುತ್ತಿದ್ದದ್ದೂ ಅದೇ ಸಾಲಿನ ವಿಳಾಸ, ಸಾವಿರಾರು ಮನೆಗಳಲ್ಲಿ ಹಾಗೆಯೇ ಇರುತ್ತದೆ. ಸರ್ವರ್ ತೆರೆದೆ ಅಂದುಕೊಂಡರೆ ಪಾಸ್‌ವರ್ಡ್ ಕೇಳಿದ್ದು ನಮ್ಮ ಕೊಟ್ಟಿಗೆಯ ಕ್ಯಾಮೆರಾ! ಪ್ಯಾಕೆಟ್ಟು ಅಂಗಳವನ್ನೇ ದಾಟಿರಲಿಲ್ಲ. ಮನೆಯ ವಿಳಾಸಗಳ ಸಾಲನ್ನೇ ಬದಲಿಸಬೇಕಾಯಿತು.

ದಾರಿಯ ಕತೆ ಇಷ್ಟಾದರೆ, ಹೊರೆ ಹಂಚುವ ಕತೆ ಇನ್ನೂ ಸ್ವಾರಸ್ಯದ್ದು. ದೊಡ್ಡ ಕಚೇರಿಗೆ ಒಂದು ಗೇಟ್‌ವೇ ಸಾಲದು, ನಾಲ್ಕು ಇಡುತ್ತಾರೆ. ಯಾರು ಯಾವ ಬಾಗಿಲಿಗೆ ಎಂದು ಹಂಚುವ ಲೋಡ್ ಬ್ಯಾಲೆನ್ಸರ್ ಎದುರಿಗೆ ನಿಲ್ಲುತ್ತದೆ. ಬಂದ ಪ್ಯಾಕೆಟ್ಟುಗಳನ್ನು ಸರದಿಯಂತೆ ಒಂದು ಇಲ್ಲಿ, ಒಂದು ಅಲ್ಲಿ ಎಂದು ಕಳಿಸಿದರೆ ಆಯಿತಲ್ಲ ಅನ್ನಿಸಬಹುದು. ಆಗುವುದಿಲ್ಲ. ನನ್ನ ತಾಡಪಾಲಿನ ಗಂಟು ಬಿಚ್ಚುವ ಕೀಲಿ, ನಾನು ಮೊದಲು ಮಾತಾಡಿಕೊಂಡ ಗೇಟ್‌ವೇ ಬಳಿ ಮಾತ್ರ ಇರುತ್ತದೆ. ಎರಡನೇ ಪ್ಯಾಕೆಟ್ಟು ಬೇರೆ ಬಾಗಿಲಿಗೆ ಹೋದರೆ ಅಲ್ಲಿಯವರು ಅದನ್ನು ಕಸವೆಂದು ಎಸೆಯುತ್ತಾರೆ. ಒಳಗೆ ಇಣುಕದೆ, ಆದರೆ ಪ್ರತಿ ಸಲವೂ ಒಬ್ಬರನ್ನು ಅದೇ ಬಾಗಿಲಿಗೇ ಕಳಿಸಬೇಕು.

ಯಾರು ಎಲ್ಲಿಗೆ ಎಂದು ಪುಸ್ತಕದಲ್ಲಿ ಬರೆದಿಡಬಹುದು. ಪುಸ್ತಕ ಕಳೆದುಹೋದರೆ ಗತಿಯಿಲ್ಲ. ಅದಕ್ಕಿಂತ ಜಾಣತನದ ದಾರಿ, ಲಾರಿಯ ನಂಬರಿನಿಂದಲೇ ಲೆಕ್ಕ ಹಾಕುವುದು. ಕೆಎ-31 ಆಗಲಿ ಕೆಎ-30 ಆಗಲಿ, ನಂಬರನ್ನು ನಾಲ್ಕರಿಂದ ಭಾಗಿಸಿ, ಉಳಿದ ಶೇಷವೇ ಬಾಗಿಲಿನ ಸಂಖ್ಯೆ. ಏನನ್ನೂ ನೆನಪಿಡಬೇಕಿಲ್ಲ, ಅದೇ ಲಾರಿ ಎಷ್ಟು ಸಲ ಬಂದರೂ ಉತ್ತರ ಅದೇ. ಇದರ ಸುಧಾರಿತ ರೂಪವನ್ನು ಹ್ಯಾಶ್ ಎನ್ನುತ್ತಾರೆ.

ಬಾಗಿಲೊಂದು ಮುಚ್ಚುವವರೆಗೆ ಇದು ಚೆಂದ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದಾಗ ಗೋವಾಕ್ಕೆ ಹೋಗುವ, ಬರುವ ವಾಹನಗಳೆಲ್ಲ ಪಕ್ಕದ ಹೊಸ ಸೇತುವೆಯ ಮೇಲೆ ಬಿದ್ದವು. ಹಾಗೆ ನಾಲ್ಕು ಗೇಟ್‌ವೇಗಳಲ್ಲಿ ಒಂದು, ಶೇಷ 3 ಬಂದವರದ್ದು, ಬಿದ್ದಿತೆನ್ನಿ. ಈಗ ಮೂರರಿಂದ ಭಾಗಿಸಬೇಕು. 0ಯಿಂದ 11ರವರೆಗಿನ ಹನ್ನೆರಡು ನಂಬರುಗಳನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ಬಿದ್ದ ಬಾಗಿಲಿನಲ್ಲಿದ್ದವರು 3, 7, 11, ಅಂದರೆ ಮೂವರೇ. ಆದರೆ ಹಳೇ ಶೇಷವೇ ಉಳಿಯುವುದು 0, 1, 2ಕ್ಕೆ ಮಾತ್ರ. ಮೂವರಿಗೆ ಬಂದ ಕಷ್ಟಕ್ಕೆ ಒಂಬತ್ತು ಮಂದಿ ಬಾಗಿಲು ಬದಲಿಸುತ್ತಾರೆ, ಆ ಪೈಕಿ ಆರು ಮಂದಿಗೆ ಏನೂ ಆಗಿರಲೇ ಇಲ್ಲ.

ಇದಕ್ಕೆ 1997ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಉಪಾಯ ಕಂಡುಹಿಡಿದರು. ಬಾಗಿಲುಗಳನ್ನೂ ಲಾರಿಗಳನ್ನೂ ಒಂದೇ ಚಕ್ರದ ಅಂಚಿನಲ್ಲಿ ಅಲ್ಲಲ್ಲಿ ಕೂರಿಸುವುದು, ಪ್ರತಿ ಲಾರಿಯೂ ಮುಂದೆ ಸಿಗುವ ಮೊದಲ ಬಾಗಿಲಿಗೆ ಹೋಗುವುದು. ಒಂದು ಬಾಗಿಲು ತೆಗೆದರೆ ಅದರವರು ಮಾತ್ರ ಮುಂದಿನದಕ್ಕೆ ಸರಿಯುತ್ತಾರೆ, ಉಳಿದವರು ಕದಲುವುದಿಲ್ಲ. ಎಷ್ಟು ಸರಳವೆಂದರೆ, ಇಷ್ಟು ತಡವಾಗಿ ಯಾಕೆ ಹೊಳೆಯಿತು ಎಂದು ನನಗೆ ಈಗಲೂ ಸೋಜಿಗ.

ಆ ಮೂವರ ಪಾಡೇನು? ಅವರು ಹೊಸ ಬಾಗಿಲಿನಲ್ಲಿ ಕೀಲಿಯ ಒಪ್ಪಂದ ಮತ್ತೆ ಮಾಡಿಕೊಳ್ಳಬೇಕು. ಇದು ಗೇಟ್‌ವೇಗೆ ದುಬಾರಿ ಕೆಲಸ. ಮೂವರ ಬದಲು ಮೂರು ಸಾವಿರ ಮಂದಿ ಒಟ್ಟಿಗೆ ನುಗ್ಗಿದರೆ ಚೆನ್ನಾಗಿದ್ದ ಗೇಟ್‌ವೇಯೂ ಮಲಗುತ್ತದೆ. ಅದಕ್ಕೇ ಒಳ್ಳೆಯ ತಂತ್ರಾಂಶ ಮರುಪ್ರಯತ್ನಕ್ಕೆ ಮೊದಲು ಒಂದಷ್ಟು ಹೊತ್ತು, ಒಬ್ಬೊಬ್ಬರಿಗೆ ಒಂದೊಂದು ಅವಧಿ, ಸುಮ್ಮನೆ ಕಾಯುತ್ತದೆ. ಮಣ್ಣು ತೆಗೆದ ಮೇಲೆ ಘಟ್ಟದಲ್ಲಿ ಹತ್ತು ಹತ್ತು ಗಾಡಿ ಬಿಡುವ ಹಾಗೆ.

ಇಷ್ಟೆಲ್ಲ ಸರಿಯಿದ್ದರೂ ನಮ್ಮ ಮಳೆ ಇನ್ನೊಂದು ಪ್ರಶ್ನೆ ಕೇಳುತ್ತದೆ. ಆಷಾಢದಲ್ಲಿ ಮರ ಬಿದ್ದು ಕರೆಂಟು ಹೋದರೆ ಫೈಬರಿನ ಮೋಡೆಮ್ ಆರುತ್ತದೆ. ನಾನು ಮೊಬೈಲಿನ ಹಾಟ್‌ಸ್ಪಾಟಿಗೆ ಜಿಗಿಯುತ್ತೇನೆ. ಲಾರಿ ಅದೇ, ಒಳಗಿನ ಸರಕೂ ಅದೇ, ಆದರೆ ನಡುದಾರಿಯಲ್ಲಿ ನಂಬರ್ ಪ್ಲೇಟ್ ಬದಲಾಯಿತು! ಹೊರಗಿನ ವಿಳಾಸ ನೋಡಿ ಹ್ಯಾಶ್ ಮಾಡುವ ಬ್ಯಾಲೆನ್ಸರ್ ನನ್ನನ್ನು ಅಪರಿಚಿತ ಬಾಗಿಲಿಗೆ ನೂಕುತ್ತದೆ. 2021ರಲ್ಲಿ ಪ್ರಮಾಣಿತವಾದ ಕ್ವಿಕ್ ಎಂಬ ಹೊಸ ಪದ್ಧತಿ ಇದಕ್ಕೆಂದೇ ತಾಡಪಾಲಿನ ಹೊರಗೆ ಒಂದು ಚೀಟಿ ಅಂಟಿಸುತ್ತದೆ. ಅದರಲ್ಲಿರುವುದು ಸಂಪರ್ಕದ ಗುರುತಿನ ಸಂಖ್ಯೆ. ಯಾರ ಲಾರಿ, ಏನು ಸರಕು ಎಂಬುದನ್ನು ಅದು ಹೇಳುವುದಿಲ್ಲ. ಬ್ಯಾಲೆನ್ಸರ್‌ಗೆ ಚೀಟಿ ಓದಲು ಕಲಿಸಿದ್ದರೆ ಪ್ಲೇಟ್ ಬದಲಾದರೂ ಬಾಗಿಲು ತಪ್ಪದು.

ನಮ್ಮ ಕಚೇರಿಯಲ್ಲಿ ಇನ್ನೂ ಹಳೇ ಪದ್ಧತಿಯೇ ಇದೆ. ಗಾಳಿ ಬೀಸಿ ಅಡಿಕೆ ಮರಗಳು ತೂಗತೊಡಗಿದರೆ ನಾನು ಮೊದಲೇ ಹಾಟ್‌ಸ್ಪಾಟಿಗೆ ಹೋಗಿ ಕೂರುತ್ತೇನೆ.